ಬಾಣಂತಿ ಮಂಚದ ಕುತ್ತಿಗೆ

ಕೈ ನಡುಗಲು ಶುರುವಾದ ಮೇಲೆ ಉಳಿ, ರಂದ, ಕಟ್ಟಿಗೆ ಉಜ್ಜುವ ಕಾನಸು ಎಲ್ಲವನ್ನೂ ಎಣ್ಣೆ ಒರೆಸಿ ಗೂಡಿನಲ್ಲಿಟ್ಟೆ. ವಾಡಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿರುವ ನನ್ನ ಅಂಗಡಿಯ ಬಾಗಿಲನ್ನು ಈಗಲೂ ತೆರೆಯುತ್ತೇನೆ, ಕುಳಿತು ಚಹಾ ಕುಡಿಯಲು ಮಾತ್ರ. ಆದರೂ ಗಿಟಾರ್ ಮಾಡಲು ಹೊರಟ ಹೊಸಬರು ಬಂದು ಕೇಳುತ್ತಾರೆ: "ಕಾಕಾ, ಹೊಟ್ಟಿ ಡಬ್ಬಿ ಹ್ಯಾಂಗೋ ಕೂಡಸ್ತೀವ್ರಿ. ಕುತ್ತಿಗಿ ಮಾತ್ರ ನಮ್ಮ ಮಾತು ಕೇಳವಲ್ದು." ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ಬರೆಯುವುದು ನನ್ನ ಕಸುಬಲ್ಲ. ನಮ್ಮ ಅಜ್ಜ, ಮುತ್ಯಾ, ಹೇಳುತ್ತಿದ್ದಂತೆ ಹೇಳಿಕೊಂಡು ಹೋಗುತ್ತೇನೆ, ನಡುವೆ ಎಲ್ಲಾದರೂ ಗಂಟು ಸಿಕ್ಕರೆ ಸುತ್ತು ಹಾಕಿ ಬನ್ನಿ.

ಮುತ್ಯಾ ಚಿತ್ತಾಪುರದ ಕಡೆಯ ಹಳ್ಳಿಯಲ್ಲಿ ನೊಗ, ಕುಂಟೆ, ಬಾಗಿಲು ಮಾಡುತ್ತಿದ್ದ. ಕಟ್ಟಿಗೆಯ ಎಳೆ ಯಾವ ಕಡೆ ಓಡುತ್ತದೆ ಎಂಬುದನ್ನು ಅವನಿಂದ ಕಲಿತೆ. ಆ ಎಳೆಯೊಳಗೆ ಸ್ವರ ಇರುತ್ತದೆ ಎಂಬುದನ್ನು ಶಹಾಬಾದಿನ ಖಾಜಾಸಾಬ್ ಉಸ್ತಾದರಿಂದ ಕಲಿತೆ. ಅವರದು ಹಾರ್ಮೋನಿಯಂ, ತಂಬೂರಿ, ಏಕತಾರಿ ದುರಸ್ತಿ ಮಾಡುವ ಸಣ್ಣ ಅಂಗಡಿ. ಸುತ್ತಲಿನ ಭಜನೆಯವರು, ಕವ್ವಾಲಿಯವರು, ಚರ್ಚಿನವರು ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಉಸ್ತಾದರು ನೆಲದ ಮೇಲೆ ಕಾಲು ಮಡಿಸಿ ಕೂತು, ಮುಂದೆ ಒಂದು ಶಹಾಬಾದಿ ಕಲ್ಲು ಇಟ್ಟುಕೊಂಡು, ಅದರ ಮೇಲೆ ಮರಳು ಕಾಗದ ಹಾಸಿ ಹಾರ್ಮೋನಿಯಂ ಪಟ್ಟಿಗಳನ್ನು ಉಜ್ಜಿ ಸಪಾಟು ಮಾಡುತ್ತಿದ್ದರು. ಮೊದಲ ದಿನ ನನ್ನ ಕೈಗೆ ಎರಡು ತುಂಡು ಕೊಟ್ಟು, ಗೆಣ್ಣಿನಿಂದ ಬಡಿದು ಯಾವುದು ಒಳ್ಳೆಯದು ಹೇಳು ಎಂದರು. ನಾನು ಬಣ್ಣ ನೋಡಿ ಹೇಳಿದೆ.

"ಲೇ ಮಾನ್ಯಾ, ನಿನ್ನ ಕಣ್ಣು ಬಡಗೇರದು, ಕಿವಿ ಮಾತ್ರ ಎತ್ತಿಂದು. ಗಲ್ಲಕ್ಕ ಹಚ್ಕೊಂಡು ಬಡಿ. ಕಿವಿ ಸುಳ್ಳು ಹೇಳಿದ್ರೂ ಎಲುಬು ಹೇಳಂಗಿಲ್ಲ" ಎಂದರು.

ಆ ಮಾತು ಮುಂದೆ ನನ್ನನ್ನು ಹುಡುಕಿಕೊಂಡು ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಮೊದಲು ನನ್ನ ದೊಡ್ಡ ಪ್ರಮಾದ ಹೇಳಿಬಿಡುತ್ತೇನೆ, ನಿಮಗೂ ಧೈರ್ಯ ಬರಲಿ. ವಾಡಿಯ ರೈಲ್ವೆ ಕ್ವಾರ್ಟರ್ಸಿನಿಂದ ಒಬ್ಬರು ಕುತ್ತಿಗೆ ಮುರಿದ ಗಿಟಾರ್ ತಂದರು. ಉಸ್ತಾದರು ನೆಂಟರ ಮದುವೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಮಾಡಿ ತೋರಿಸಬೇಕೆಂದು ನಾನೇ ಕೂತೆ. ಕುತ್ತಿಗೆಯನ್ನು ಚೆನ್ನಾಗಿಯೇ ಕೆತ್ತಿದೆ. ಇನ್ನು ತಂತಿಯ ಕೆಳಗೆ ಅಡ್ಡಕ್ಕೆ ಕೂರುವ ಲೋಹದ ಪಟ್ಟಿಗಳು. ಫ್ರೆಟ್ ಅನ್ನುತ್ತಾರಲ್ಲ, ಅವು. ಅವನ್ನು ಕಿಟಕಿಗೆ ಸರಳು ಕೂಡಿಸುವಂತೆ ಒಂದೇ ಅಂತರದಲ್ಲಿ ಸಾಲಾಗಿ ಹೊಡೆದೆ. ನೋಡಲು ಎಷ್ಟು ಚೆಂದ! ತಂತಿ ಕಟ್ಟಿ ಬಾರಿಸಿದರೆ ಮೊದಲ ಸ್ವರವೇ ಸೊಟ್ಟ. ಮುಂದೆ ಮುಂದೆ ಹೋದಂತೆ ಆಡಿನ ಮಂದೆ ಕೂಗಿದ ಹಾಗೆ.

ಉಸ್ತಾದರು ಬಂದು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಬೈಯಲಿಲ್ಲ. "ಬೇಟಾ, ಇದು ಖಿಡಕಿ ಅದ. ಇದರಾಗ ಗಾಳಿ ಬರ್ತದ, ಸುರ ಬರಂಗಿಲ್ಲ" ಎಂದರು.

ಅಂದು ಸಂಜೆ ದಾರ ಹಿಡಿದು ಕಲಿಸಿದರು. ತಲೆಯ ಬುಡದಲ್ಲಿರುವ ಎಲುಬಿನ ಪಟ್ಟಿಯಿಂದ ತಂತಿ ಕೂರುವ ಕುದುರೆಯವರೆಗೆ ಎಷ್ಟು ಉದ್ದವೋ, ಅದನ್ನು ಹದಿನೆಂಟು ಭಾಗ ಮಾಡಿದರೆ ಒಂದು ಭಾಗಕ್ಕೆ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಹದಿನೆಂಟು ಮಾಡಿದರೆ ಎರಡನೆಯದು. ಹೀಗೆ ಫ್ರೆಟ್ಟುಗಳ ನಡುವಿನ ಮನೆಗಳು ಕಿರಿದಾಗುತ್ತ ಹೋಗುತ್ತವೆ. ಮುಂದೆ ಸೇಡಂನ ಒಬ್ಬ ಗಣಿತದ ಮೇಷ್ಟ್ರು ತಮ್ಮ ಗಿಟಾರ್ ರಿಪೇರಿಗೆ ಬಂದಾಗ, ಹದಿನೆಂಟಲ್ಲ ಮಿಸ್ತ್ರಿ, ಹದಿನೇಳು ದಶಮಾಂಶ ಎಂಟು ಒಂದು ಏಳು ಎಂದು ಲೆಕ್ಕ ಬಿಡಿಸಿ ತೋರಿಸಿದರು. ದಾರ ಹೋಗಿ ಅಳೆಯಲು ಉಕ್ಕಿನ ಪಟ್ಟಿ ಬಂತು. ಈಗ ನೀವು ಫೋನಿಗೆ ಉದ್ದ ಹೇಳಿದರೆ ಎಲ್ಲ ಅಳತೆಯನ್ನೂ ಅದೇ ಲೆಕ್ಕ ಮಾಡಿ ಕೊಡುತ್ತದೆ. ಕೊಡಲಿ, ಒಳ್ಳೆಯದೇ. ಆದರೆ ಒಂದು ಫ್ರೆಟ್ಟಿನಿಂದ ಮುಂದಿನದಕ್ಕೆ ಅಳೆಯುತ್ತ ಹೋಗಬೇಡಿ. ಒಂದೊಂದು ಕೂದಲೆಳೆಯ ತಪ್ಪು ಕೂಡಿ ಕೊನೆಗೆ ಹಗ್ಗವಾಗುತ್ತದೆ. ಎಲ್ಲವನ್ನೂ ಎಲುಬಿನ ಪಟ್ಟಿಯಿಂದಲೇ ಅಳೆಯಿರಿ.

ಕುತ್ತಿಗೆಯ ದಪ್ಪಕ್ಕೆ ಮಾತ್ರ ಫೋನಿನಲ್ಲಿ ಉತ್ತರವಿಲ್ಲ, ಅದನ್ನು ಹಿಡಿಯುವ ಕೈಯನ್ನೇ ಕೇಳಬೇಕು. ನಾನು ಗಿರಾಕಿಯ ಕೈಗೆ ಚಪಾತಿ ಕಣಕದ ಮುದ್ದೆ ಕೊಟ್ಟು, ಗಿಟಾರ್ ಹಿಡಿದಂತೆ ಹಿಡಿಯಿರಿ ಎನ್ನುತ್ತಿದ್ದೆ. ಬೆರಳು, ಅಂಗೈಗುಣಿ ಎಲ್ಲ ಅದರಲ್ಲಿ ಮೂಡುತ್ತದೆ. ನನ್ನಾಕೆ ಗುರುಬಾಯಿಗೆ ಇದೊಂದು ಕಾಟ. "ಮನೀ ಮಂದಿಗೆ ಲಟ್ಟಿಸಿದ್ದು ಸಾಲದು, ಗಿಟಾರಕ್ಕೂ ನಾನೇ ಚಪಾತಿ ಲಟ್ಟಿಸಬೇಕೇನು?" ಎನ್ನುತ್ತಲೇ ಕಣಕ ನಾದಿ ಕೊಡುತ್ತಿದ್ದಳು.

ಇಷ್ಟು ಪೀಠಿಕೆ ಸಾಕು. ನಾನು ಹೇಳಬೇಕೆಂದು ಕೂತದ್ದು ನನ್ನ ಕೊನೆಯ ಕುತ್ತಿಗೆಯ ಕಥೆ.

ಒಂದು ಮುಂಜಾನೆ ಗಂಡ ಹೆಂಡತಿ ಮಳಖೇಡದಿಂದ ಬಂದರು. ಮೊದಲು ಒಳಗೆ ಬಂದದ್ದು ಹೆಂಡತಿಯ ದನಿ. "ಮಿಸ್ತ್ರಿ ಇದ್ದೀರೇನ್ರಿ?" ಎಂಬ ಕೂಗಿಗೆ ಮಾಳಿಗೆಯ ಮೇಲಿನ ಪಾರಿವಾಳಗಳು ಎದ್ದುಹೋದವು. ಆಕೆ ನೀಲಮ್ಮ. ಹಿಂದೆ, ಹಾಸಿಗೆಯ ಚಾದರದಲ್ಲಿ ದೊಡ್ಡದೇನನ್ನೋ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಬಂದವರು ಶರಣಪ್ಪ.

"ಜೋರಾಗಿ ಮಾತಾಡ್ರಿ ಅಣ್ಣಾ, ಇವರಿಗೆ ಕೇಳಂಗಿಲ್ಲ" ಎಂದಳು ನೀಲಮ್ಮ. "ನಾ ಬೈಯೂದು ಮಳಖೇಡಕ್ಕೆಲ್ಲಾ ಕೇಳಸ್ತದ, ಇವರೊಬ್ಬರಿಗೆ ಮಾತ್ರ ಇಲ್ಲ."

"ಅರ್ಧ ಕೇಳಸ್ತದ್ರಿ" ಎಂದರು ಶರಣಪ್ಪ ನಗುತ್ತ. "ಬೈಯೂ ಅರ್ಧ ಬಿಟ್ಟು."

ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲು ಅರೆಯುವ ಮಿಲ್ಲಿನ ಫಿಟ್ಟರ್ ಆಗಿ ಅವರು ಇಡೀ ಆಯುಷ್ಯ ಕಳೆದಿದ್ದರು. ಆ ಗದ್ದಲಕ್ಕೆ ಕಿವಿ ಸವೆದಿತ್ತು. ಕಲಬುರಗಿಯ ಡಾಕ್ಟರು, ಇದು ಇನ್ನೂ ಇಳಿಯುತ್ತ ಹೋಗುತ್ತದೆ ಎಂದಿದ್ದರು. ಕಿವಿಗೆ ಹಾಕುವ ಮಿಷನ್ನು ಹಾಕಿದರೆ ಬರೀ ಕರಕರ.

ಚಾದರ ಬಿಚ್ಚಿದರು. ಒಳಗೆ ಗಿಟಾರಿನ ಡಬ್ಬಿ, ಮನೆಯಲ್ಲೇ ಮಾಡಿದ್ದು. ಬದಿಯ ಪಟ್ಟಿಗಳನ್ನು ಬಿಸಿ ಪೈಪಿಗೆ ಒತ್ತಿ ಬಗ್ಗಿಸಿದ್ದರು, ಫಿಟ್ಟರನ ಕೈ ತಾನೇ. ಜೊತೆಗೆ ಒಂದು ಹಳೆಯ ಸಾಗವಾನಿ ಪಟ್ಟಿ. ಎರಡೂ ತುದಿಗೆ ಬೋಲ್ಟಿನ ತೂತು.

"ಇದು ನಮ್ಮವ್ವನ ಬಾಣಂತಿ ಮಂಚದ್ರಿ. ನಾವು ಐದು ಮಂದಿ ಇದರ ಮ್ಯಾಲ ಹುಟ್ಟೀವಿ. ಹಲಗಿ ಡಬ್ಬಿಗೆ ಹೋದ್ವು. ಎರಡು ಉದ್ದ ಪಟ್ಟಿ ಇದ್ವು, ಒಂದನ್ನ ನಾನೇ ಕೊಯ್ಲಿಕ್ಕ ಹೋಗಿ ಸೀಳಿದೆ. ಇದೊಂದೇ ಉಳದದ. ಕುತ್ತಿಗಿ ನೀವು ಮಾಡ್ರಿ."

"ಸಾಗವಾನಿ ಮೆತ್ತಗಾಗ್ತದ" ಎಂದೆ ಜೋರಾಗಿ. "ಮ್ಯಾಲ ಒಂದು ಕರಿಜಾಲಿ ಪಟ್ಟಿ ಅಂಟಸ್ತೀನಿ, ಫ್ರೆಟ್ ಅದರಾಗ ಕೂಡಸ್ತೀನಿ."

ಅವರು ಅಡ್ಡಡ್ಡ ತಲೆಯಾಡಿಸಿದರು. "ಬ್ಯಾರೆ ಕಟ್ಟಿಗಿ ಬ್ಯಾಡ್ರಿ. ಅವ್ವ ಈ ಮಂಚದ ಮ್ಯಾಲ ಕುಂತು ಜೋಗುಳ ಹಾಡ್ತಿದ್ದಳು. ಇದಕ್ಕ ಆ ಪದ ಗೊತ್ತದ. ಕಿವಿ ಪೂರಾ ಬಂದ್ ಆಗೂದಕ್ಕಿಂತ ಮೊದಲ ಒಂದು ಸಲ ಇದರ ಬಾಯಿಂದ ಕೇಳಬೇಕ್ರಿ. ಅಷ್ಟೇ."

ನೀಲಮ್ಮ ಆಗ ಮಾತ್ರ ಮೆಲ್ಲಗೆ ಮಾತಾಡಿದಳು, ಗಂಡನಿಗೆ ಕೇಳದ ಹಾಗೆ. "ಜರಾ ಲಗೂನ ಮಾಡ್ರಿ ಅಣ್ಣಾ. ಹ್ವಾದ ದೀಪಾವಳಿಗೆ ಕೇಳಸ್ತಿದ್ದದ್ದು ಈಗ ಕೇಳಸವಲ್ದು."

ಕಣಕ ತರಿಸಿ ಅವರ ಎಡಗೈಗೆ ಕೊಟ್ಟೆ. ಮೂಲಂಗಿಯಂಥ ದಪ್ಪ ಬೆರಳು. ಅಚ್ಚು ನೋಡಿಕೊಂಡು ಕುತ್ತಿಗೆಯ ಬೆನ್ನನ್ನು ಅಗಲವಾಗಿ ಇಳಿಸಿದೆ. ಮೊದಲು ಉಳಿ, ಆಮೇಲೆ ಕಾನಸು, ಆಮೇಲೆ ಗಾಜಿನ ಚೂರು. ಸಾಗವಾನಿ ವರ್ಷಗಟ್ಟಲೆ ಒಣಗಿ ಗಂಟೆಯಂತೆ ಆಗಿತ್ತು. ಗೆಣ್ಣಿನಿಂದ ಬಡಿದರೆ ನಾದ ಗಲ್ಲದವರೆಗೆ ಬರುತ್ತಿತ್ತು.

ಇನ್ನು ಮುಂಭಾಗವನ್ನು ಸಪಾಟು ಮಾಡಬೇಕು. ಹಿಂದೆಲ್ಲ ನಾನು ಈ ಕೆಲಸವನ್ನು ಅಂಗಡಿಯ ದೊಡ್ಡ ನೆಲಗಲ್ಲಿನ ಮೇಲೆ ಮಾಡುತ್ತಿದ್ದೆ. ಆ ವರ್ಷ ಉಸ್ತಾದರು ತೀರಿಹೋಗಿದ್ದರು. ಅವರ ಮಗ, ಬೇರೇನೂ ಬೇಡ ಎಂದ ನನಗೆ ಆ ಶಹಾಬಾದಿ ಕಲ್ಲನ್ನು ಕೊಟ್ಟಿದ್ದ. ಇಂಥ ಕುತ್ತಿಗೆಗೆ ಉಸ್ತಾದರ ಕೈ ತಾಗಲಿ ಎಂದು ಆ ಕಲ್ಲಿನ ಮೇಲೆ ಮರಳು ಕಾಗದ ಹಾಸಿ, ಕುತ್ತಿಗೆಯನ್ನು ಬೋರಲಾಗಿಟ್ಟು ಎರಡು ದಿನ ಉಜ್ಜಿದೆ. ಉಕ್ಕಿನ ಪಟ್ಟಿ ಪಕ್ಕದಲ್ಲೇ ಇತ್ತು. ಕಲ್ಲು ಸಮ ಇದೆಯೋ ಇಲ್ಲವೋ ಎಂದು ಇಟ್ಟು ನೋಡಲಿಲ್ಲ. ಗುರುವಿನ ಕಲ್ಲಿಗೆ ಪರೀಕ್ಷೆ ಮಾಡುವುದುಂಟೆ?

ಸೀಳು ಕೊಯ್ದು ಫ್ರೆಟ್ ಹೊಡೆದೆ. ತಂತಿ ಕಟ್ಟಿ ಬಾರಿಸಿದೆ. ಖಾಲಿ ತಂತಿ ಚೆನ್ನಾಗಿಯೇ ಮಾತಾಡಿತು. ತಲೆಯ ಹತ್ತಿರ ಎರಡನೆಯದೋ ಮೂರನೆಯದೋ ಮನೆ ಒತ್ತಿದರೆ ಸ್ವರದ ಬಾಲಕ್ಕೆ ಒಂದು ಸಣ್ಣ ಗರಗರ. ಕುದುರೆಯನ್ನು ಒಂದು ಕೂದಲು ಎತ್ತರಿಸಿದೆ. ಕಡಿಮೆಯಾಯಿತು, ಹೋಗಲಿಲ್ಲ. ನನ್ನ ಕಣ್ಣು ಆಗಲೇ ಮಬ್ಬಾಗಿತ್ತು. ಉದ್ದಕ್ಕೆ ಹಿಡಿದು ನೋಡಿದರೂ ತಪ್ಪು ಕಾಣಲಿಲ್ಲ.

ಅವರು ಬಂದರು. ಶರಣಪ್ಪ ತೊಡೆಯ ಮೇಲಿಟ್ಟುಕೊಂಡು ಕುತ್ತಿಗೆಗೆ ಕೈ ಹಾಕಿದರು. ಕೈ ತನ್ನ ಗೂಡಿಗೆ ಹೋಗಿ ಕೂತ ಹಕ್ಕಿಯ ಹಾಗೆ ಕೂತಿತು. ಒಂದೆರಡು ಸಲ ತಂತಿ ಎಳೆದು, "ಭಾಳ ಚಂದ ಬಂದದ್ರಿ" ಎಂದರು, ಕಣ್ಣಲ್ಲಿ ನೀರು. ಗರಗರ ಅವರಿಗೆ ಕೇಳಿಸಿರಲಿಲ್ಲ.

ನನಗೆ ಕೇಳಿಸಿತ್ತು. ಆದರೂ ಕೊಟ್ಟುಬಿಟ್ಟೆ. ಹೇಗಿದ್ದರೂ ಅವರಿಗೆ ಕೇಳುವುದಿಲ್ಲವಲ್ಲ ಎಂದುಕೊಂಡೆ. ಇಷ್ಟು ವರ್ಷದ ಕಸುಬಿನಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಆ ಕಿಟಕಿ ಗಿಟಾರ್ ಅಲ್ಲ, ಇದು.

ಎಂಟು ದಿನಕ್ಕೆ ಅದೇ ಚಾದರ, ಅದೇ ದಂಪತಿ. ಶರಣಪ್ಪನವರ ಅಂಗಿಯ ಜೇಬಿನಲ್ಲಿ ಒಂದು ಉದ್ದನೆಯ ಸ್ಕ್ರೂಡ್ರೈವರ್. ಕುಂದ್ರಿ ಎಂದರೂ ಕೂರದೆ ಹೇಳಿದರು:

"ಮಿಸ್ತ್ರಿ, ತಪ್ಪು ತಿಳೀಬ್ಯಾಡ್ರಿ. ಇದರ ಎಂಟನೇ ಮನಿ ಬೇರಿಂಗ್ ಹೋಗ್ಯದ."

ನಾನು ಪೆದ್ದನಂತೆ ನೋಡಿದೆ. ಅವರು ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಎರಡನೇ ಮನೆ ಒತ್ತಿ ಹಿಡಿದರು. "ನೀಲಾ, ಎಳಿ." ನೀಲಮ್ಮ ತಂತಿ ಎಳೆದಳು. ಅವರು ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಫ್ರೆಟ್ಟಿನ ಅಂಚಿಗೆ ತಾಗಿಸಿ, ಅದರ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಮುಂದೆ ಸರಿದರು. ಆಕೆ ಎಳೆದಂತೆಲ್ಲ ಇವರು ಒಂದು ಮನೆ ದಾಟುವರು. ಎಂಟರ ಮೇಲೆ ಬಂದು ನಿಂತರು.

"ಇಲ್ಲೇ. ತಂತಿ ಬಂದು ಇದರ ತಲಿಗೆ ಬಡೀಲಿಕತ್ತದ. ಮಿಲ್ಲಿನ್ಯಾಗ ಯಾವ ಬೇರಿಂಗ್ ಸೊರಗ್ಯದ ಅಂತ ಹಿಂಗೇ ಹುಡುಕ್ತಿದ್ವಿ. ಆ ಗದ್ದಲದಾಗ ಕಿವಿಗೇನು ಕೆಲಸ್ರಿ? ಎಲುಬಿಗೆ ಹಚ್ಚಿದ್ರ ಖರೆ ತಿಳೀತದ."

ಉಸ್ತಾದರ ಮಾತು ಮಳಖೇಡದಿಂದ ಬಸ್ಸು ಹಿಡಿದು ಬಂದು ನನ್ನೆದುರು ನಿಂತಿತ್ತು. ನಾನು ತಲೆ ತಗ್ಗಿಸಿ, "ನನಗ ಅವತ್ತೇ ಕೇಳಿಸಿತ್ರಿ" ಎಂದೆ.

"ಆಂ?" ಎಂದರು ಶರಣಪ್ಪ.

"ಅವತ್ತೇ ಕೇಳಿಸಿತ್ತು. ಹೇಳಲಿಲ್ಲ."

"ಏನಂದ್ರಿ?"

ತಪ್ಪನ್ನು ಮೆಲ್ಲಗೆ ಒಪ್ಪಿಕೊಳ್ಳುವ ಸೌಕರ್ಯ ನನಗಿರಲಿಲ್ಲ. ಮೂರನೆಯ ಸಲ ಗಂಟಲು ಹರಿಯುವಂತೆ, "ನಿಮಗ ಕೇಳಂಗಿಲ್ಲಂತ ತಿಳಿದು ಸುಮ್ಮನ ಕೊಟ್ಟೆ!" ಎಂದು ಕೂಗಿದೆ. ಎದುರಿನ ಇಸ್ತ್ರಿ ಅಂಗಡಿಯವನು ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ನೋಡತೊಡಗಿದ. ಒಳಗಿನಿಂದ ಗುರುಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ನೀಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗೂ ಕೇಳಿಸಿತ್ತು ಅಣ್ಣಾ. ಇವರು ಭಾಳ ದಿನದ ಮ್ಯಾಲ ನಗಾಕತ್ತಿದ್ರು. ಹ್ಯಾಂಗ ಹೇಳ್ಲಿ?" ಆಮೇಲೆ ಗಂಡನ ಕಡೆ ತಿರುಗಿ ಅದನ್ನೇ ಕೂಗಿ ಹೇಳಿದಳು.

ಶರಣಪ್ಪ ಇಬ್ಬರನ್ನೂ ನೋಡಿದರು. "ಅಂದ್ರ ಕಿವುಡ ಒಬ್ಬನೇ ಖರೆ ಕೇಳ್ದಾಂವ" ಎಂದರು. ಅಷ್ಟೇ ಬೈಗುಳ.

ಕುತ್ತಿಗೆಯ ನಡುವೆ ಉಬ್ಬು ಇದೆ ಎಂದಾಯಿತು. ಎಲ್ಲಿಂದ ಬಂತು? ಕೊನೆಗೆ ಉಕ್ಕಿನ ಪಟ್ಟಿಯನ್ನು ಉಸ್ತಾದರ ಕಲ್ಲಿನ ಮೇಲೆ ನಿಲ್ಲಿಸಿ ಬಾಗಿಲ ಬೆಳಕಿಗೆ ಹಿಡಿದೆ. ಎರಡು ತುದಿಗೆ ಪಟ್ಟಿ ತಾಗಿತ್ತು. ನಡುವೆ ಬೆಳಕು ಹಾದು ಬಂತು. ಒಂದು ಜೀವಮಾನವಿಡೀ ಉಸ್ತಾದರು ಉಜ್ಜಿ ಉಜ್ಜಿ ಕಲ್ಲು ಅಲ್ಲಿ ತಗ್ಗಾಗಿತ್ತು, ಎರಡು ಪೋಸ್ಟ್‌ಕಾರ್ಡಿನ ದಪ್ಪದಷ್ಟು. ಹಾರ್ಮೋನಿಯಂನ ಗೇಣುದ್ದದ ತುಂಡಿಗೆ ಆ ತಗ್ಗು ಲೆಕ್ಕವಲ್ಲ. ಉದ್ದನೆಯ ಕುತ್ತಿಗೆ ಮಾತ್ರ ಎರಡು ತುದಿಗೆ ಸವೆದು ನಡುವೆ ಎತ್ತರ ಉಳಿದಿತ್ತು. ಶರಣಪ್ಪ ಬಗ್ಗಿ ಆ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದರು.

"ಒಬ್ಬ ಮನಶ್ಯಾ ಇಷ್ಟು ಕೆಲಸ ಮಾಡ್ಯಾನೇನ್ರಿ?" ಎಂದರು. ಕಲ್ಲನ್ನು ಬೈಯಲು ನನಗೆ ಬಾಯಿ ಬಂದಿರಲಿಲ್ಲ. ಅವರ ಮಾತು ಕೇಳಿ ಮನಸ್ಸು ಹಗುರಾಯಿತು.

ಆದರೆ ಕೆಲಸ ಹಗುರಾಗಲಿಲ್ಲ. ಹೊಡೆದ ಫ್ರೆಟ್ಟುಗಳನ್ನೆಲ್ಲ ಕೀಳಬೇಕು. ಸಾಗವಾನಿ ಸಿಬಿರೆದ್ದರೆ ಅವ್ವನ ಮಂಚ ಅಲ್ಲಿಗೇ ಮುಗಿಯಿತು, ಇನ್ನೊಂದು ಪಟ್ಟಿ ಇಲ್ಲ. ನೀಲಮ್ಮ ಹೋಗುವಾಗ ಬಾಗಿಲಲ್ಲಿ ನಿಂತು, "ಅದೇ ಕಟ್ಟಿಗಿ ಇರ್ಲಿ ಅಣ್ಣಾ, ಬ್ಯಾರೆ ತಂದು ಅದೇ ಅಂತ ಹೇಳಬ್ಯಾಡ್ರಿ. ಇವರಿಗೆ ತಿಳೀತದ ಈಗ" ಎಂದಳು. ಆ ಚುಚ್ಚುಮಾತು ನನಗೆ ತಕ್ಕದ್ದೇ ಆಗಿತ್ತು.

ಬೆಸುಗೆ ಹಾಕುವ ಕಡ್ಡಿಯಿಂದ ಒಂದೊಂದೇ ಫ್ರೆಟ್ ಬಿಸಿ ಮಾಡಿ, ಹುಬ್ಬಿನ ಕೂದಲು ಕೀಳುವಂತೆ ಮೆಲ್ಲನೆ ಎತ್ತಿದೆ. ನನ್ನ ಕೈ ಮೊದಲ ಸಲ ನಡುಗಿದ್ದು ಆಗಲೇ. ಐದನೆಯದರ ಜೊತೆ ಉಗುರಿನಷ್ಟು ಸಿಬಿರು ಎದ್ದು ನೆಲಕ್ಕೆ ಬಿತ್ತು. ಗುರುಬಾಯಿ ಅಕ್ಕಿಯಲ್ಲಿ ಕಲ್ಲು ಹುಡುಕುವ ಕಣ್ಣಿನಿಂದ ಹುಡುಕಿ ತೆಗೆದಳು. ಅದನ್ನು ಅದರ ಜಾಗಕ್ಕೇ ಅಂಟಿಸಿದೆ. ಅಂಗಡಿಯ ನೆಲಗಲ್ಲನ್ನೂ ನಂಬದೆ ಶಹಾಬಾದಿಗೆ ಹೋಗಿ ಹೊಸ ಕಲ್ಲು ತಂದೆ, ಈ ಸಲ ಉಕ್ಕಿನ ಪಟ್ಟಿ ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ನೋಡಿಯೇ. ಉಬ್ಬು ಇಳಿಸಿ, ಸೀಳುಗಳನ್ನು ಮತ್ತೆ ಆಳ ಮಾಡಿ, ಕಟ್ಟಿಗೆಯ ಸುತ್ತಿಗೆಯಿಂದ ಮೊದಲು ಎರಡು ಅಂಚು, ಆಮೇಲೆ ನಡುವೆ, ಹೀಗೆ ಹೊಸ ಫ್ರೆಟ್ ಕೂಡಿಸಿದೆ. ಉಸ್ತಾದರ ಕಲ್ಲು ಸಣ್ಣ ತುಂಡುಗಳ ಕೆಲಸಕ್ಕೆ ಅದರ ಜಾಗದಲ್ಲೇ ಉಳಿಯಿತು.

ಅವರು ಬಂದ ದಿನ ನಾನು ಬಾರಿಸಿ ತೋರಿಸಲಿಲ್ಲ. ಸ್ಕ್ರೂಡ್ರೈವರ್ ತೆಗೀರಿ ಎಂದೆ. ಶರಣಪ್ಪ ಕಣ್ಣು ಮುಚ್ಚಿ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ನಡೆದರು. ಎಂಟರ ಮೇಲೆ ಬಹಳ ಹೊತ್ತು ನಿಂತರು. ಮುಂದೆ ಹೋದರು. ಕೊನೆಗೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಗಿಟಾರನ್ನು ಎತ್ತಿ, ಗದ್ದವನ್ನು ಡಬ್ಬಿಯ ಹೆಗಲಿಗೆ ಊರಿಕೊಂಡು ಆ ಜೋಗುಳವನ್ನು ಒಂದೇ ತಂತಿಯಲ್ಲಿ ಹುಡುಕಿ ಹುಡುಕಿ ಬಾರಿಸಿದರು. ಎರಡು ಕಡೆ ತಪ್ಪಿದರು. ತಪ್ಪಿದಲ್ಲಿಗೆ ತಿರುಗಿ ಹೋಗಿ ಸರಿ ಮಾಡಿಕೊಂಡರು. ಚೆಂದ ಬಂತು ಎಂದು ಈ ಸಲ ಹೇಳಲಿಲ್ಲ. ಮತ್ತೆ ಮೊದಲಿನಿಂದ ಬಾರಿಸಿದರು.

ನೀಲಮ್ಮ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಸೆರಗಿನ ತುದಿಯನ್ನು ಎರಡೂ ಕಿವಿಗೆ ತುರುಕಿಕೊಂಡು, ಸ್ಕ್ರೂಡ್ರೈವರಿನ ತುದಿಯನ್ನು ಗಿಟಾರಿನ ಕುತ್ತಿಗೆಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿಕೊಂಡಳು. ಅವರು ಬಾರಿಸುತ್ತಲೇ ಇದ್ದರು. ಆಕೆ ಅಲುಗಾಡದೆ ಕೇಳಿದಳು.

"ನಿಮಗ ಇಷ್ಟೇ ಕೇಳಸ್ತದೇನ್ರಿ?" ಎಂದಳು. ಕೂಗಲಿಲ್ಲ. ಅವರಿಗೆ ಕೇಳಲಿಲ್ಲ, ತಲೆ ಬಗ್ಗಿಸಿ ಬಾರಿಸುತ್ತಿದ್ದರು.

ಆಗ ಆಕೆ ಸೆರಗು ಕಿತ್ತು, ಬಗ್ಗಿ, ಗಿಟಾರಿನ ತಲೆಗೆ ತನ್ನ ಗದ್ದ ಊರಿ, ತುಟಿ ಅಲ್ಲಾಡಿದ್ದು ಕಾಣುವಷ್ಟೇ ಮೆಲ್ಲಗೆ ಆ ಕಟ್ಟಿಗೆಗೇ ಏನೋ ಹೇಳಿದಳು. ಶರಣಪ್ಪನವರ ಬೆರಳು ತಂತಿಯ ಮೇಲೆ ನಿಂತವು. ಡಬ್ಬಿಯಿಂದ ಗದ್ದ ತೆಗೆಯದೆಯೇ ಕಣ್ಣೆತ್ತಿ ಹೆಂಡತಿಯನ್ನು ನೋಡಿ, ಹೊಸ ಮದುಮಗನ ಹಾಗೆ ನಾಚಿ ನಕ್ಕುಬಿಟ್ಟರು.

"ಏನಂದಿ ತಂಗಿ?" ಎಂದು ಕೇಳಿದೆ, ತಡೆಯಲಾಗದೆ.

"ನಿಮಗ್ಯಾಕ ಬೇಕು ಮಿಸ್ತ್ರಿ?" ಎಂದಳು, ಪಾರಿವಾಳಗಳು ಮತ್ತೆ ಎದ್ದುಹೋಗುವ ಹಾಗೆ. "ನಿಮ್ಮ ಕಲ್ಲು ನೀವು ಸಪಾಟ ಇಟ್ಕೋರಿ!"